ಪಂಪ್ ಒತ್ತಿದರೆ ಸಾಲದು, ಒಳಗೆ ಎಳೆಯಬೇಕು

ಉಬ್ಬಸದ ಕರೆ ಬಂದರೆ ಆಂಬುಲೆನ್ಸ್‌ನಲ್ಲಿ ನಾವು ಮೊದಲು ಕೈ ಹಾಕುವುದು ಶ್ವಾಸನಾಳ ಸಡಿಲಿಸುವ ಔಷಧಿ ಸಾಲ್ಬುಟಮಾಲ್‌ಗೆ. ಮಾಸ್ಕ್ ಹಾಕಿ, ಆಕ್ಸಿಜನ್ ಜೊತೆ ನೆಬ್ಯುಲೈಸರ್‌ನಲ್ಲಿ, ಅಂದರೆ ಔಷಧಿಯನ್ನು ಮಂಜಿನಂತೆ ಮಾಡುವ ಸಾಧನದಲ್ಲಿ, ಕೊಡುತ್ತೇವೆ. ಎಷ್ಟೋ ಸಲ ಅದೇ ಔಷಧಿಯ ಪಂಪ್ (ಇನ್ಹೇಲರ್) ರೋಗಿಯ ದಿಂಬಿನ ಪಕ್ಕದಲ್ಲೇ ಬಿದ್ದಿರುತ್ತದೆ. 'ಹತ್ತು ಸಲ ಹೊಡ್ಕೊಂಡೆ ಸಾರ್, ಏನೂ ಆಗ್ಲಿಲ್ಲ' ಅನ್ನುತ್ತಾರೆ. ಸುಧಾರಿಸಿದ ಮೇಲೆ, ಹೇಗೆ ಹೊಡೆದಿರಿ ತೋರಿಸಿ ಅಂದರೆ ಗೊತ್ತಾಗುತ್ತದೆ: ಔಷಧಿಯೆಲ್ಲ ನಾಲಿಗೆ ಮೇಲೆ!

ಮೊದಲು ಎದ್ದು ನೆಟ್ಟಗೆ ಕೂರಿ. ಮುಚ್ಚಳ ತೆಗೆದು ಪಂಪನ್ನು ಚೆನ್ನಾಗಿ ಕುಲುಕಿ. ಬಹಳ ದಿನ ಬಳಸಿಲ್ಲದಿದ್ದರೆ ಒಂದೆರಡು ಸಲ ಗಾಳಿಗೆ ಹೊಡೆಯಿರಿ. ಮುಚ್ಚಳ ಕಳೆದುಕೊಂಡವರು ಪಂಪಿನ ಬಾಯಿಯೊಳಗೆ ಇಣುಕಿಯೂ ನೋಡಿ. ಒಬ್ಬರ ಪಂಪಿನಲ್ಲಿ ಅಡಿಕೆ ಚೂರು ಸಿಕ್ಕಿತ್ತು.

ಈಗ ಕಷ್ಟದ ಭಾಗ. ಔಷಧಿ ಪಂಪಿನಿಂದ ಬಾಣದಂತೆ ಚಿಮ್ಮುತ್ತದೆ. ನೀವು ಉಸಿರು ಎಳೆಯುತ್ತಿಲ್ಲ ಅಂದರೆ ನೇರ ಗಂಟಲಿಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತದೆ. ಹಾಗಾಗಿ ಮೊದಲು ಉಸಿರು ಆದಷ್ಟು ಹೊರಗೆ ಬಿಡಿ. ಪಂಪಿನ ಬಾಯಿಯ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಎಳೆಯಲು ಶುರು ಮಾಡಿ. ಶುರುವಾದ ಕೂಡಲೇ ಒತ್ತಿ. ಒತ್ತಿದ ಮೇಲೂ ನಾಲ್ಕೈದು ಸೆಕೆಂಡ್ ಎಳೆಯುತ್ತಲೇ ಇರಿ. ಬಿಸಿ ಸಾರು ಹೀರುವ ಹಾಗೆ ಸೊರ್ ಅಂತ ಅಲ್ಲ, ಮಲ್ಲಿಗೆ ಮೂಸುವಷ್ಟು ನಿಧಾನವಾಗಿ. ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ. ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಆಮೇಲೆ ಎರಡನೆಯದು. ಟಕ್ ಟಕ್ ಅಂತ ಎರಡು ಸಲ ಒಟ್ಟಿಗೆ ಒತ್ತುವುದು ಸುಮ್ನೆ ದುಡ್ಡು ದಂಡ.

ಉಬ್ಬಸ ಬಂದಾಗ ಇದೆಲ್ಲ ಆಗುತ್ತಾ? ಆಗಲ್ಲ. ಅದಕ್ಕೇ ಸ್ಪೇಸರ್ ಇಟ್ಟುಕೊಳ್ಳಿ. ಪಂಪಿಗೂ ಬಾಯಿಗೂ ನಡುವೆ ಹಾಕುವ ಟೊಳ್ಳು ಡಬ್ಬಿ ಅದು. ಮಕ್ಕಳಿಗೆ ಮಾತ್ರ ಅಂತ ಹೇಳುವವರ ಮಾತು ಕೇಳಬೇಡಿ. ಒಂದು ಸಲ ಒತ್ತಿ, ಅದರೊಳಗಿಂದ ನಾಲ್ಕೈದು ಸಲ ಮಾಮೂಲಿ ಉಸಿರಾಡಿ, ಅಷ್ಟೇ. ತೊಳೆದರೆ ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಒಳಗೆ ಸ್ಥಾಯೀ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಹಿಡಿಯುತ್ತದೆ. ಸ್ಪೇಸರ್ ಇಲ್ಲವೇ? ಅರ್ಧ ಲೀಟರ್ ನೀರಿನ ಬಾಟಲಿಯ ತಳದಲ್ಲಿ ಪಂಪ್ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಸಂದಿ ಮುಚ್ಚಿ, ಬಾಟಲಿಯ ಬಾಯಿಂದ ಉಸಿರಾಡಿ. ಕೇಪ್‌ಟೌನ್‌ನಲ್ಲಿ ಮಕ್ಕಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಬಾಟಲಿ ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತ್ತು. ಥರ್ಮಾಕೋಲ್ ಲೋಟದಿಂದ ಮಾಡಿದ್ದು ಮಾತ್ರ ಅಲ್ಲಿ ಸೋತಿತು.

ಪುಡಿಯ ಕ್ಯಾಪ್ಸೂಲ್ ಹಾಕಿ ಎಳೆಯುವ ಸಾಧನದ್ದು ಉಲ್ಟಾ ಕತೆ. ಅದನ್ನು ಜೋರಾಗಿ, ಬೇಗ ಎಳೆಯಬೇಕು. ಆ ಕ್ಯಾಪ್ಸೂಲನ್ನು ನೀರು ಕುಡಿದು ನುಂಗಿದವರೂ ಇದ್ದಾರೆ! ಉಬ್ಬಸ ಜಾಸ್ತಿಯಾದಾಗ ಜೋರಾಗಿ ಎಳೆಯಲು ದಮ್ಮೇ ಇರಲ್ಲ. ಹಾಗಾಗಿ ಮನೆಯಲ್ಲಿ ಪಂಪ್ ಒಂದು ಇರಲಿ.

ಪಂಪ್ ಕೊಳ್ಳುವಾಗ, ಇನ್ನೆಷ್ಟು ಸಲ ಉಳಿದಿದೆ ಅಂತ ಎಣಿಕೆ ತೋರಿಸುವ ಪಂಪನ್ನೇ ಕೇಳಿ. ಸಾಮಾನ್ಯವಾಗಿ 200 ಸಲಕ್ಕೆ ಬರುತ್ತದೆ. ಔಷಧಿ ಉಳಿದಿದೆಯಾ ಅಂತ ಡಬ್ಬಿಯನ್ನು ನೀರಲ್ಲಿ ತೇಲಿಸಿ ನೋಡುವುದು ಸುಳ್ಳು ಲೆಕ್ಕ. ಔಷಧಿ ಮುಗಿದ ಮೇಲೂ ಅದು ಬುಸ್ ಅನ್ನುತ್ತಲೇ ಇರುತ್ತದೆ.

ಉಬ್ಬಸ ಬಂದರೆ ಸ್ಪೇಸರ್‌ನಲ್ಲಿ ಒಂದೊಂದಾಗಿ ನಾಲ್ಕು ಸಲ ತೆಗೆದುಕೊಂಡು ನಾಲ್ಕು ನಿಮಿಷ ಕಾಯಿರಿ. ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ಮತ್ತೆ ನಾಲ್ಕು. ಒಂದು ಪೂರ್ತಿ ವಾಕ್ಯ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ, ಕಾಯಲೇಬೇಡಿ. ಮೊದಲೇ ಕರೆ ಮಾಡಿ, ಪಂಪ್ ಮುಂದುವರಿಸಿ. ಕೈ ನಡುಗಿ ಎದೆ ಡವಡವ ಅಂದರೆ ಅದು ಔಷಧಿಯ ಗುಣ, ಹೆದರಿ ನಿಲ್ಲಿಸಬೇಡಿ. ಎಷ್ಟು ಸಲ, ಎಷ್ಟು ಗಂಟೆಗೆ ಅಂತ ಯಾರಾದರೂ ಒಂದು ಚೀಟಿಯಲ್ಲಿ ಬರೆದಿಡಿ. ಬಾಗಿಲು ದಾಟುತ್ತಲೇ ನಾವು ಕೇಳುವುದು ಅದನ್ನೇ.