ಮಕ್ಕಳಿಗೆ ಸೂಜಿ-ದಾರ ಕಲಿಸಬೇಕಾ? ಟೀಚರ್ ನಿಮ್ಮ ಬೀದಿಯಲ್ಲೇ ಇದ್ದಾರೆ

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಅಪ್ಪ-ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮಗುವಿಗೆ ಕಸೂತಿಯೋ ಕ್ರೋಷಾವೋ ಕಲಿಸಬೇಕು, ಹತ್ತಿರ ಎಲ್ಲಾದರೂ ಕ್ಲಾಸ್ ಇದೆಯಾ? ಚೆಸ್, ಅಬಾಕಸ್, ಕೀಬೋರ್ಡ್‌ಗೆ ಬೀದಿಗೊಂದು ಕ್ಲಾಸ್ ಇದೆ. ಸೂಜಿ-ದಾರಕ್ಕೆ ಇಲ್ಲ. ಹುಡುಕಿ ಹುಡುಕಿ ಒಂದು ಸಿಕ್ಕರೂ ಅಲ್ಲಿ ಬ್ಲೌಸ್ ಹೊಲಿಯಲು ಕಲಿಯುವ ದೊಡ್ಡವರ ಮಧ್ಯೆ ಮಗುವನ್ನು ಕೂರಿಸುತ್ತಾರೆ, ಅದು ಎರಡನೇ ದಿನಕ್ಕೇ ಹೋಗಲ್ಲ ಅನ್ನುತ್ತದೆ. ಹಾಗಾಗಿ ಕ್ಲಾಸ್ ಹುಡುಕುವುದನ್ನು ಸದ್ಯಕ್ಕೆ ಬಿಡಿ. ದಿನಾ ದಾರ ಹಿಡಿದು ಕೆಲಸ ಮಾಡುವ ಒಬ್ಬರನ್ನು ಹುಡುಕಿ. ಅಂಥವರು ಖಂಡಿತ ಸಿಗುತ್ತಾರೆ.

ಸೂಜಿ ಕೊಡುವ ಮೊದಲು

ನಾಲ್ಕೈದು ವರ್ಷದ ಮಗುವಿಗೆ ಸೂಜಿ ಬೇಕಿಲ್ಲ. ನಮ್ಮ ಮನೆಗಳಲ್ಲಿ ಸೂಜಿಯಿಲ್ಲದ ದಾರದ ಕೆಲಸ ಎಷ್ಟು ಇದೆ ನೋಡಿ. ದೀಪದ ಬತ್ತಿ ಹೊಸೆಯುವುದು, ಗೆಜ್ಜೆವಸ್ತ್ರ ಮಾಡುವುದು, ಹೂ ಕಟ್ಟುವುದು. ಒಂದು ತುಂಡು ಹತ್ತಿ ಕೊಡಿ. ಬೀಜ, ಕಸ ಇದ್ದರೆ ಆರಿಸಲಿ, ಮೆಲ್ಲಗೆ ಎಳೆಯಲಿ, ಬೆರಳಿಗೆ ಚೂರು ವಿಭೂತಿ ಮುಟ್ಟಿಸಿಕೊಂಡು ಹೊಸೆಯಲಿ. ಹೊಸೆಯದ ಹತ್ತಿ ಎಳೆದರೆ ಕಿತ್ತು ಬರುತ್ತದೆ, ಹೊಸೆದದ್ದು ಬರುವುದಿಲ್ಲ. ಯಾಕೆ ಅಂತ ಮಗುವೇ ಕೇಳುತ್ತದೆ. ತಿರುಚಿದಾಗ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಅಷ್ಟೇ. ತಕಲಿ, ಚರಕ, ನೂಲಿನ ಗಿರಣಿ ಎಲ್ಲವೂ ಮಾಡುವುದು ಇದನ್ನೇ.

ಹೂ ಕಟ್ಟುವುದು ಇನ್ನೂ ಒಳ್ಳೆಯ ಪಾಠ. ಬಾಳೆ ನಾರನ್ನು ಒದ್ದೆ ಮಾಡಿಟ್ಟು, ಕುಣಿಕೆ ಹಾಕಿ, ಹೂವಿನ ತೊಟ್ಟು ಮುರಿಯದಷ್ಟು ಬಿಗಿಯಾಗಿ ಎಳೆಯಬೇಕು. ಎಷ್ಟು ಎಳೆಯಬೇಕು ಅನ್ನುವ ಆ ಅಂದಾಜು ಬಾಯಲ್ಲಿ ಹೇಳಿ ಬರುವಂಥದ್ದಲ್ಲ. ಕೈಗೆ ಅದು ಬಂದ ಮಕ್ಕಳಿಗೆ ಮುಂದೆ ಕ್ರೋಷಾ ಚೈನ್ ಬೇಗ ಹತ್ತುತ್ತದೆ, ಅಲ್ಲೂ ಕುಣಿಕೆಯೊಳಗಿಂದ ಕುಣಿಕೆ ಎಳೆಯುವುದೇ ಕೆಲಸ.

ಮೊದಲ ಸೂಜಿ, ಮೊದಲ ಬಟ್ಟೆ

ಹಳೆಯ ಮದುವೆ ಕಾರ್ಡು ತೆಗೆದುಕೊಳ್ಳಿ. ಅಂಚಿನ ಸುತ್ತ ಪಂಚಿಂಗ್ ಮಷಿನ್‌ನಿಂದ ತೂತು ಮಾಡಿ, ಶೂ ಲೇಸ್ ಕೊಡಿ. ಮೇಲಿಂದ ಒಳಗೆ, ಕೆಳಗಿಂದ ಹೊರಗೆ ಅನ್ನುವ ಲೆಕ್ಕ ಇಲ್ಲೇ ಗೊತ್ತಾಗಿಬಿಡುತ್ತದೆ. ಆರು ವರ್ಷದ ಹೊತ್ತಿಗೆ ಮೊಂಡು ಮೊನೆಯ ದಪ್ಪ ಸೂಜಿ, ಉಲ್ಲನ್ ದಾರ, ತೊಳೆದು ಒಣಗಿಸಿದ ಗೋಣಿಚೀಲದ ತುಂಡು. ಗೋಣಿಯಲ್ಲಿ ಎಳೆಗಳ ಮಧ್ಯೆ ಕಣ್ಣಿಗೆ ಕಾಣುವ ಜಾಗ ಇರುತ್ತದೆ, ಸೂಜಿ ಸಲೀಸಾಗಿ ಹೋಗುತ್ತದೆ. ಆಮೇಲೆ ಮ್ಯಾಟಿ ಬಟ್ಟೆ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಇದೇ ಹೆಸರು ಹೇಳಿದರೆ ಕೊಡುತ್ತಾರೆ, ಚೌಕ ಚೌಕ ಮನೆಗಳಿರುವ ದಪ್ಪ ಬಟ್ಟೆ.

ಮಕ್ಕಳ ಕಿಟ್ ಅಂತ ಡಬ್ಬದಲ್ಲಿ ಬರುತ್ತವಲ್ಲ, ಅವುಗಳ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಚಿತ್ರ ಮುಗಿಯಿತು, ಕಿಟ್ ಮುಗಿಯಿತು. ಅದೇ ದುಡ್ಡಿಗೆ ಅರ್ಧ ಮೀಟರ್ ಬಟ್ಟೆ, ನಾಲ್ಕೈದು ಬಣ್ಣದ ದಾರದ ಲಡಿ ತಂದರೆ ತಿಂಗಳುಗಟ್ಟಲೆ ಬರುತ್ತದೆ.

ದಾರ ಎಷ್ಟು ಉದ್ದ ಇರಬೇಕು? ಮಗುವಿನ ಕೈಯಲ್ಲೇ ಒಂದು ಮೊಳ, ಹೆಚ್ಚೆಂದರೆ ಒಂದೂವರೆ. ದೊಡ್ಡವರು ಮತ್ತೆ ಮತ್ತೆ ಪೋಣಿಸುವ ಬೇಜಾರಿಗೆ ಮಾರುದ್ದ ದಾರ ಹಾಕಿ ಕೊಡುತ್ತಾರೆ, ಅದು ಸಿಕ್ಕಾಗುತ್ತದೆ, ಮಗು ಅಳುತ್ತದೆ, ಆ ದಿನದ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಕಸೂತಿ ಲಡಿಯ ದಾರದಲ್ಲಿ ಆರು ಎಳೆ ಇರುತ್ತವೆ. ಶುರುವಿಗೆ ಮೂರು ಎಳೆ ಬಿಡಿಸಿಕೊಡಿ, ಬಿಡಿಸುವಾಗ ಒಂದೊಂದಾಗಿ ಎಳೆಯಿರಿ. ಸೂಜಿಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳಿ. ಬಿದ್ದ ಸೂಜಿ ಹುಡುಕಲು ಡಬ್ಬಿಯಲ್ಲಿ ಒಂದು ಆಯಸ್ಕಾಂತ ಇರಲಿ.

ಟೀಚರ್ ಯಾರು?

ಮನೆಯಿಂದ ಹೊರಟು ಎರಡು ಬೀದಿ ಸುತ್ತಿ. ‘ಸೀರೆ ಕುಚ್ಚು, ಫಾಲ್ಸ್, ಜಿಗ್‌ಜಾಗ್ ಹಾಕಲಾಗುತ್ತದೆ’ ಅಂತ ಗೇಟಿಗೆ ತಗುಲಿಸಿದ ಬೋರ್ಡು ಕಾಣುತ್ತದೆ. ಕುಚ್ಚು ಹಾಕುವ ಆಂಟಿಯಂದಿರಲ್ಲಿ ತುಂಬಾ ಜನಕ್ಕೆ ಗಂಟು, ಹೆಣಿಗೆ, ಮಣಿ ಪೋಣಿಸುವುದು, ಕ್ರೋಷಾ ಎಲ್ಲ ಬರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ಮಾತಾಡಿ. ಹಬ್ಬ, ಮದುವೆ ಸೀಸನ್‌ನಲ್ಲಿ ಮಾತ್ರ ಹೋಗಬೇಡಿ, ಆಗ ಅವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ.

ಇನ್ನೊಬ್ಬರು ನಿವೃತ್ತ ಹೊಲಿಗೆ ಟೀಚರ್. ಹಿಂದೆ ಎಷ್ಟೋ ಶಾಲೆಗಳಲ್ಲಿ ಹೊಲಿಗೆಗೆ, ಕ್ರಾಫ್ಟಿಗೆ ಅಂತಲೇ ಟೀಚರ್ ಇದ್ದರು. ಬಟ್ಟೆ ತುಂಡಿನ ಮೇಲೆ ಕಾಜಾ, ಗುಂಡಿ, ಹೆಮ್ಮಿಂಗ್ ಮಾಡಿಸಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸುತ್ತಿದ್ದವರು. ಕ್ರಮವಾಗಿ ಕಲಿಸುವುದು ಅವರಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಅಜ್ಜಿ ಇದ್ದರೆ ಸರಿಯೇ ಸರಿ, ಆದರೆ ಅಜ್ಜಿಗೆ ಒಂದು ಮಾತು ಹೇಳಿಡಿ. ಮಗು ಸೊಟ್ಟ ಹಾಕಿದ್ದನ್ನು ರಾತ್ರಿ ಬಿಚ್ಚಿ ತಾವೇ ನೇರ ಮಾಡಿಡಬಾರದು.

ಕೇಳುವಾಗ ಕ್ಲಾಸ್ ನಡೆಸ್ತೀರಾ ಅನ್ನಬೇಡಿ, ಹೆದರುತ್ತಾರೆ. ‘ವಾರಕ್ಕೆರಡು ದಿನ, ಒಂದು ಗಂಟೆ, ಮೂರು ಮಕ್ಕಳು ನಿಮ್ಮ ಪಕ್ಕ ಕೂತು ಕಲೀತಾರೆ, ಆಗಬಹುದಾ?’ ಅನ್ನಿ. ಎಷ್ಟು ಕೊಡಬೇಕು ಅಂತ ಅಂದೇ ಮಾತಾಡಿ. ಚೆಸ್ ಕ್ಲಾಸಿಗೆ ಚೌಕಾಸಿ ಮಾಡದೆ ಕಟ್ಟುವವರು ಇಲ್ಲಿ ಮಾತ್ರ ಸುಮ್ನೆ ಹೇಳಿಕೊಡಿ ಅಂದರೆ ಹೇಗೆ ಅಲ್ವಾ? ಎಡಗೈಯಲ್ಲಿ ಕೆಲಸ ಮಾಡುವ ಮಗುವಾದರೆ ಪಕ್ಕದಲ್ಲಲ್ಲ, ಎದುರಿಗೆ ಕೂರಿಸಲು ಹೇಳಿ. ಕನ್ನಡಿಯಲ್ಲಿ ನೋಡಿದ ಹಾಗೆ ಕಾಣುತ್ತದೆ, ಅದನ್ನೇ ಮಾಡಿದರಾಯಿತು. ಅಮೆರಿಕದಲ್ಲೋ ದುಬೈಯಲ್ಲೋ ಕೂತು ವಿಡಿಯೊ ಕರೆಯಲ್ಲಿ ಅಜ್ಜಿಯಿಂದ ಕಲಿಯುವ ಮಕ್ಕಳಿಗೆ ಅಜ್ಜಿಯ ಮುಖ ತೋರಿಸುವ ಕ್ಯಾಮೆರಾ ಉಪಯೋಗವಿಲ್ಲ. ಫೋನನ್ನು ಅಜ್ಜಿಯ ಭುಜದ ಹಿಂದೆ, ಕೈ ಕಾಣುವ ಹಾಗೆ ಇಡಿ.

ಮೊದಲ ಕಸೂತಿ

ಧಾರವಾಡ ಕಡೆಯ ಕಸೂತಿಯನ್ನು ಮಕ್ಕಳಿಗೆ ಮೊದಲೇ ಕಲಿಸಿ ಅಂತ ನಾನು ಹಟ ಹಿಡಿದು ಹೇಳುತ್ತೇನೆ. ಕಷ್ಟ ಅನ್ನುವವರು ಇಳಕಲ್ ಸೀರೆಯ ಮೇಲಿನ ತೇರನ್ನು ನೋಡಿ ಹೆದರಿದವರು. ಇದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿ ಹಾಕಬೇಕು. ಗಂಟು ಹಾಕುವ ಹಾಗೂ ಇಲ್ಲ. ಚಿತ್ರ ಬರುವುದಿಲ್ಲ ಎನ್ನುವ ಮಗುವಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ? ಎಣಿಸಲು ಬಂದರೆ ಸಾಕು.

ಹೊಲಿಗೆ ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಿಂದ ಶುರು ಮಾಡಿ. ಮ್ಯಾಟಿ ಬಟ್ಟೆಯಲ್ಲಿ ಸೂಜಿಯನ್ನು ಕೆಳಗಿಂದ ಮೇಲೆ ತನ್ನಿ, ಹಿಂದೆ ಒಂದು ಬೆರಳುದ್ದ ದಾರ ಬಿಡಿ. ಒಂದು ಮನೆ ದಾಟಿ ಕೆಳಗೆ, ಒಂದು ಮನೆ ಬಿಟ್ಟು ಮತ್ತೆ ಮೇಲೆ. ಹೀಗೇ ಹತ್ತು ಮನೆ ಹೋಗಲಿ. ಈಗ ಬಟ್ಟೆ ಮೇಲೆ ಒಂದು ಗೆರೆ, ಒಂದು ಖಾಲಿ, ಒಂದು ಗೆರೆ, ಒಂದು ಖಾಲಿ. ಅಲ್ಲಿಂದ ತಿರುಗಿ ಅದೇ ದಾರಿಯಲ್ಲಿ, ಅದೇ ತೂತುಗಳಲ್ಲಿ ಖಾಲಿಗಳನ್ನು ತುಂಬುತ್ತಾ ವಾಪಸ್ ಬರಬೇಕು. ಬಂದಾಗ ಗೆರೆ ಪೂರ್ತಿ ಆಗಿರುತ್ತದೆ, ಬಟ್ಟೆ ತಿರುಗಿಸಿದರೆ ಹಿಂದೆಯೂ ಅದೇ ಗೆರೆ. ಮಕ್ಕಳು ಇಲ್ಲಿ ‘ಹೋ’ ಅನ್ನುತ್ತಾರೆ. ಉಳಿದ ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲಿ ತೂರಿಸಿ ಕತ್ತರಿಸಿ.

ಎಲ್ಲಾದರೂ ಒಂದು ಮನೆ ತಪ್ಪಿ ಎಣಿಸಿದರೆ ವಾಪಸ್ ಬರುವಾಗ ದಾರಿ ಕೂಡುವುದಿಲ್ಲ. ತಪ್ಪು ಅಂತ ಯಾರೂ ಹೇಳಬೇಕಿಲ್ಲ, ಬಟ್ಟೆಯೇ ಹೇಳುತ್ತದೆ. ಇದೇ ಗೆರೆಯನ್ನು ಮೆಟ್ಟಿಲಿನ ಹಾಗೆ ಹತ್ತಿಸಿ ಇಳಿಸಿದರೆ ಮುರಗಿ. ಮೆಂತಿ ಅಂದರೆ ಕತ್ತರಿ ಗುರುತಿನ ಹೊಲಿಗೆ, ಜಾಗ ತುಂಬಲು. ನೇಗಿಯಲ್ಲಿ ಉದ್ದ-ಗಿಡ್ಡ ಹೊಲಿಗೆಗಳು ಸೇರಿ ನೇಯ್ದ ಹಾಗೆ ಕಾಣುತ್ತದೆ, ಅದು ಕೊನೆಗಿರಲಿ. ಮೊದಲು ಚೌಕದ ಹಾಳೆಯ ಮೇಲೆ ಪುಟ್ಟ ತುಳಸಿಕಟ್ಟೆ ಬರೆಯಲಿ, ಆಮೇಲೆ ಗೋಪುರ, ನವಿಲು, ಆನೆ. ಹಾಕಿದ್ದನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗಬೇಡಿ. ಕರ್ಚೀಫಿಗೋ ಪೆನ್ಸಿಲ್ ಚೀಲಕ್ಕೋ ಹಾಕಿಸಿ, ದಿನಾ ಬಳಸಲಿ.

ಗುಂಪಾದರೆ ಕೌದಿ

ನಾಲ್ಕೈದು ಮಕ್ಕಳು ಸೇರಿದರೆ ಕೌದಿಯಷ್ಟು ಮಜಾ ಬೇರೊಂದಿಲ್ಲ. ಕೌದಿ ಅಂದರೆ ಹಳೆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿಯುವ ಹೊದಿಕೆ. ಹಳೆ ಸೀರೆ, ಪಂಚೆ, ಗಿಡ್ಡವಾದ ಯೂನಿಫಾರಂ, ಟೈಲರ್ ಅಂಗಡಿಯ ಚಿಂದಿ ಎಲ್ಲ ಆಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕವಂದಿಯನ್ನು (ಅವರ ಕೌದಿಗೆ ಇದೇ ಹೆಸರು) ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತುತ್ತಾ ನಡುವಿಗೆ ಬರುತ್ತಾರೆ. ಹೊಲಿಗೆ ಬರೀ ಓಟದ ಹೊಲಿಗೆ, ಅಂದರೆ ರನ್ನಿಂಗ್ ಸ್ಟಿಚ್. ಮಕ್ಕಳಿಗೆ ಮಂಚದಷ್ಟು ದೊಡ್ಡದು ಬೇಡ, ಕೂರುವ ಮಣೆಯಷ್ಟು ಸಾಕು.

ಗಂಡು ಮಕ್ಕಳಿಗೆ ಯಾಕೆ ಇದೆಲ್ಲ ಅನ್ನುವ ಮಾತು ಈಗಲೂ ಬರುತ್ತದೆ. ಹಾಗೆಂದವರನ್ನು ಅವರ ಶರ್ಟ್ ಹೊಲಿದ ಟೈಲರ್ ಯಾರು ಅಂತ ಕೇಳಿ.

ನೋಡುವುದೂ ಕಲಿಕೆಯೇ. ಇಳಕಲ್, ಗುಳೇದಗುಡ್ಡದ ಕಡೆ ಹೋದರೆ ಮಗ್ಗ ನೋಡದೆ ಬರಬೇಡಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಕಸೂತಿ, ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ‘ಚರಕ’ ಮಹಿಳಾ ಸಹಕಾರ ಸಂಘದಲ್ಲಿ ಬಣ್ಣ ಹಾಕುವುದು, ನೇಯುವುದು. ಎಲ್ಲ ಕಡೆಯೂ ಮೊದಲೇ ಫೋನ್ ಮಾಡಿ ಕೇಳಿ. ಸರ್ಕಾರಿ ಶಾಲೆಯ ಮಕ್ಕಳಾದರೆ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ಕ್ಕೆ ನಿಮ್ಮ ಬೀದಿಯ ಕುಚ್ಚಿನ ಆಂಟಿಯನ್ನು ಕರೆಸಬಹುದಾ ಅಂತ ಮುಖ್ಯ ಶಿಕ್ಷಕರನ್ನು ಕೇಳಿ ನೋಡಿ.

ಹೊಲಿಗೆ ಮಷಿನ್? ಹತ್ತು ವರ್ಷ ದಾಟಲಿ. ಮೊದಲು ಕೈಯಲ್ಲಿ ತಿರುಗಿಸುವ ಮಷಿನ್ ಸಿಕ್ಕರೆ ಒಳ್ಳೆಯದು, ವೇಗ ಮಗುವಿನ ಕೈಯಲ್ಲೇ ಇರುತ್ತದೆ. ದಾರ ಪೋಣಿಸದೆ, ಗೆರೆ ಹಾಕಿದ ನೋಟ್‌ಬುಕ್ ಹಾಳೆಯ ಮೇಲೆ ಓಡಿಸಲಿ. ತೂತುಗಳು ಗೆರೆಯ ಮೇಲೇ ಬೀಳಲು ಶುರುವಾದ ಮೇಲೆ ಬಟ್ಟೆ ಕೊಡಿ. ಆ ಹಾಳೆಗೆ ಬಳಸಿದ ಸೂಜಿಯ ಮೊನೆ ಮೊಂಡಾಗಿರುತ್ತದೆ, ಬದಲಾಯಿಸಿ.