ಬೆಂದ್ರ್ ತೀರ್ಥಕ್ಕೆ ರೈಲಿನಲ್ಲಿ ಮಕ್ಕಳನ್ನು ಕರೆದೊಯ್ಯುವುದು ಹೇಗೆ?

ಭೂಶಾಖದ ಪಾಠಕ್ಕೆಂದು ಮಕ್ಕಳನ್ನು ಲಡಾಖಿನ ಪುಗಾ ಕಣಿವೆಗೆ ಕರೆದೊಯ್ಯುವಷ್ಟು ದುಡ್ಡು ನಮ್ಮ ಶಾಲೆಯಲ್ಲಿಲ್ಲ. ಮಂಗಳೂರಿನಿಂದ ಪುತ್ತೂರಿಗೆ ರೈಲು ಟಿಕೆಟ್ ತೆಗೆಯುವಷ್ಟಿದೆ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥವೆಂಬ ಬಿಸಿನೀರಿನ ಬುಗ್ಗೆ ಇದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರೇ.

ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಮೊದಲ ಸಲ ಜುಲೈಯಲ್ಲಿ ಹೋಗಿ ನಾನು ಪೆಚ್ಚಾದೆ: ಮಳೆನೀರು ಬೆರೆತು ಕೊಳ ತಣ್ಣಗಾಗಿತ್ತು.

ಸುಬ್ರಹ್ಮಣ್ಯ ರೋಡ್ ಪ್ಯಾಸೆಂಜರ್ ಹತ್ತಿ ಕಬಕ ಪುತ್ತೂರಿನಲ್ಲಿ ಇಳಿಯಿರಿ. ಬಂಟ್ವಾಳ ದಾಟಿ ನೇತ್ರಾವತಿಯ ಸೇತುವೆ ಬರುವವರೆಗೆ ಮಕ್ಕಳು ತಿಂಡಿ ಡಬ್ಬಿಯಿಂದ ತಲೆ ಎತ್ತುವುದಿಲ್ಲ, ಪಾಠವೇನಿದ್ದರೂ ಆಮೇಲೆ. ಅದೂ ಚಿಕ್ಕದು. ಇಲ್ಲಿ ಜ್ವಾಲಾಮುಖಿ ಇಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಅಲ್ಲಿ ಕಾದು, ಇನ್ನೊಂದು ಬಿರುಕಿನಿಂದ ಮೇಲೇಳುತ್ತದೆ. ನಿಲ್ದಾಣದಿಂದ ಮುಂದಕ್ಕೆ ವ್ಯಾನ್ ಹೇಳಿಟ್ಟಿರಿ.

ಪ್ರಯೋಗಾಲಯದ ಥರ್ಮಾಮೀಟರ್ ಒಯ್ಯಿರಿ, ಕೆಂಪು ಆಲ್ಕೋಹಾಲಿನದು. ಪಾದರಸದ್ದು ಒಡೆದರೆ ವಿಷ ತೀರ್ಥಕ್ಕೆ ಸೇರುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಕೆಲಸಕ್ಕೆ ಬಾರದು. 35 ಡಿಗ್ರಿಗಿಂತ ಕೆಳಗೆ ಅದು ಏನನ್ನೂ ತೋರಿಸುವುದಿಲ್ಲ.

ನೀರಿಗೆ ಕೈಯಿಟ್ಟ ಕೂಡಲೇ ಯಾರಾದರೊಬ್ಬರು, "ಟೀಚರ್, ನಮ್ಮ ಬಚ್ಚಲಿನ ಹಂಡೆಯೇ ಇದಕ್ಕಿಂತ ಬಿಸಿ" ಎನ್ನುತ್ತಾರೆ. ಬಯ್ಯಬೇಡಿ. ಬುಗ್ಗೆಯನ್ನು ಅಳೆಸಿ, ನಂತರ ಹತ್ತಿರದ ಮನೆಯವರನ್ನು ಕೇಳಿ ಅವರ ಬಾವಿಯಿಂದ ಒಂದು ಕೊಡಪಾನ ನೀರು ಸೇದಿಸಿ ಅದನ್ನೂ ಅಳೆಸಿ. ಕಳೆದ ಸಲ ಬುಗ್ಗೆ 37, ಬಾವಿ 27 ತೋರಿಸಿದವು. ಭೂಮಿಯೊಳಗೆ ಕಿಲೋಮೀಟರಿಗೆ ಸುಮಾರು 25 ಡಿಗ್ರಿ ಶಾಖ ಏರುತ್ತದೆ ಎಂದು ಹಿಡಿದರೆ, ಈ ಹತ್ತು ಡಿಗ್ರಿಗೆ ನೀರು ಕನಿಷ್ಠ 400 ಮೀಟರ್ ಇಳಿದಿರಬೇಕು. ಕನಿಷ್ಠ ಏಕೆಂದರೆ, ಬರುವ ದಾರಿಯಲ್ಲಿ ಅದು ಆರಿರುತ್ತದೆ. ಈ ಲೆಕ್ಕವನ್ನು ಮಕ್ಕಳೇ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಬಿಡಿಸಲಿ. ಹಂಡೆಯ ಹುಡುಗನಿಗೇ ಕಡ್ಡಿ ಕೊಡಿ.

ಇದರಿಂದ ಕರೆಂಟು ಬರುತ್ತದೆಯೇ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಇಷ್ಟು ಬಿಸಿ ಸಾಲದು. 1904ರಲ್ಲಿ ಇಟಲಿಯ ಲಾರ್ಡೆರೆಲ್ಲೊದಲ್ಲಿ ಐದು ಬಲ್ಬು ಉರಿಸಿದ್ದು ನೆಲದಿಂದ ನುಗ್ಗುವ ಹಬೆ. ಅಲಾಸ್ಕಾದ ಒಂದು ಬುಗ್ಗೆಯಲ್ಲಿ 74 ಡಿಗ್ರಿಯ ನೀರಿನಿಂದಲೇ, ಬೇಗ ಕುದಿಯುವ ಬೇರೊಂದು ದ್ರವವನ್ನು ಕಾಯಿಸಿ, ವಿದ್ಯುತ್ ತೆಗೆಯುತ್ತಾರೆ.

ಸೋಪು ಬೇಡ, ಅದು ಜನ ನಂಬಿಕೊಂಡ ತೀರ್ಥ. ಒಂದು ಜೊತೆ ಬಟ್ಟೆ ಮಾತ್ರ ಹೆಚ್ಚಿಗೆ ತರಲು ಹೇಳಿ. ಇಳಿಯಬೇಡಿ ಎಂದರೂ ನಾಲ್ವರು ಕೊಳಕ್ಕೆ ಇಳಿದೇ ಇಳಿಯುತ್ತಾರೆ, ಒದ್ದೆ ಚಡ್ಡಿಯಲ್ಲಿ ರೈಲಿನ ಸೀಟು ಹಿಡಿಯುತ್ತಾರೆ.