ಮಾಸ್ಟೊಡಾನ್‌ನಲ್ಲೇ ಇದ್ದು ಪೀರ್‌ಟ್ಯೂಬ್ ಚಾನೆಲ್ ಫಾಲೋ ಮಾಡುವುದು ಹೇಗೆ?

"ಅಣ್ಣಾ, ಈ ವಿಡಿಯೊ ಚಾನೆಲ್‌ಗೂ ಇನ್ನೊಂದು ಅಕೌಂಟ್ ಮಾಡ್ಬೇಕಾ?" ಅಂತ ಚಿಕ್ಕಪ್ಪನ ಮಗ ಕೇಳಿದ. ಬೇಡ ಮಾರಾಯ. ಮಾಸ್ಟೊಡಾನ್ ಅಂದರೆ ಪೋಸ್ಟ್ ಹಾಕುವ ಸೋಶಿಯಲ್ ನೆಟ್‌ವರ್ಕ್, ಪೀರ್‌ಟ್ಯೂಬ್ ಅಂದರೆ ವಿಡಿಯೊ ಹಾಕುವ ಜಾಲ; ಎರಡೂ ಬೇರೆ ಬೇರೆಯವರು ನಡೆಸುವ ಹಲವು ಸರ್ವರ್‌ಗಳಲ್ಲಿ ಇರುತ್ತವೆ. ಎರಡೂ ಮಾತಾಡುವುದು ಆಕ್ಟಿವಿಟಿಪಬ್‌ನಲ್ಲೇ. 2018ರಲ್ಲಿ ಡಬ್ಲ್ಯು3ಸಿ (ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ) ಒಪ್ಪಿದ ಪ್ರೋಟೋಕಾಲ್ ಅದು, ಅಂದರೆ ಸರ್ವರ್‌ಗಳು ಪರಸ್ಪರ ಮಾತಾಡುವ ನಿಯಮ.

ಮೊದಲು ಪೀರ್‌ಟ್ಯೂಬ್‌ನಲ್ಲಿ ಚಾನೆಲ್ ಪುಟ ತೆರೆಯಿರಿ. ಹೆಸರಿನ ಹತ್ತಿರ ಅದರ ವಿಳಾಸ ಇರುತ್ತದೆ: ಚಾನೆಲ್ ಹೆಸರು, ಆಮೇಲೆ @, ಆಮೇಲೆ ಸರ್ವರ್ ಹೆಸರು. ಅದನ್ನು ಪೂರ್ತಿ ಕಾಪಿ ಮಾಡಿ, ಮಾಸ್ಟೊಡಾನ್‌ನ ಹುಡುಕುವ ಜಾಗದಲ್ಲಿ ಪೇಸ್ಟ್ ಮಾಡಿ. ಬರೀ ಹೆಸರು ಹಾಕಿದರೆ ಸಿಗದೇ ಹೋಗಬಹುದು, ಯಾಕಂದ್ರೆ ನಿಮ್ಮ ಸರ್ವರ್‌ಗೆ ಆ ಚಾನೆಲ್ ಇರುವುದೇ ಇನ್ನೂ ಗೊತ್ತಿರುವುದಿಲ್ಲ. ಲಾಗಿನ್ ಆಗಿರಲೇಬೇಕು. ಚಾನೆಲ್ ಕಂಡ ಕೂಡಲೇ ಫಾಲೋ ಒತ್ತಿ. ಹಳೇ ವಿಡಿಯೊ ಕಾಣಲಿಲ್ಲ ಅಂತ ಗಾಬರಿಯಾಗಬೇಡಿ, ಇನ್ನು ಮುಂದೆ ಹಾಕುವುದು ಬರುತ್ತದೆ.

ಬಂದ ವಿಡಿಯೊ ಪೀರ್‌ಟ್ಯೂಬ್‌ನಲ್ಲಿ ಕಂಡಂತೆ ಇರುವುದಿಲ್ಲ. ಮಾಸ್ಟೊಡಾನ್ ಅದನ್ನು ಶೀರ್ಷಿಕೆ ಮತ್ತು ಲಿಂಕ್ ಆಗಿ ತೋರಿಸುತ್ತದೆ. ಪ್ರೋಟೋಕಾಲ್ ಒಂದೇ ಆದರೂ ತೋರಿಸುವ ರೀತಿ ಆಯಾ ಆ್ಯಪ್‌ಗೆ ಬಿಟ್ಟದ್ದು. ನನಗೆ ಇಷ್ಟವಾಗಿದ್ದು ರಿಪ್ಲೈ. ಮಾಸ್ಟೊಡಾನ್‌ನಲ್ಲಿ ಆ ಪೋಸ್ಟ್‌ಗೆ ಉತ್ತರ ಬರೆದರೆ ಪೀರ್‌ಟ್ಯೂಬ್‌ನಲ್ಲಿ ವಿಡಿಯೊ ಕೆಳಗೆ ಕಾಮೆಂಟ್ ಆಗಿ ಕೂರುತ್ತದೆ. ಚಾನೆಲ್‌ನವರು ಕಾಮೆಂಟ್ ಬಂದ್ ಮಾಡಿದ್ದರೆ ಮಾತ್ರ ಇಲ್ಲ. ಒಂದು ಸರ್ವರ್ ಇನ್ನೊಂದನ್ನು ಬ್ಲಾಕ್ ಮಾಡಿದ್ದರಂತೂ ಏನು ಮಾಡಿದರೂ ಬರುವುದಿಲ್ಲ.

ಮಾಸ್ಟೊಡಾನ್ ಸರ್ವರ್ ಬದಲಾಯಿಸಬೇಕಾದರೆ? ಇಲ್ಲಿ ಕ್ರಮ ಮುಖ್ಯ. ಮೊದಲು ಹಳೇ ಅಕೌಂಟ್‌ನಿಂದ ನೀವು ಫಾಲೋ ಮಾಡುವವರ ಪಟ್ಟಿಯನ್ನು ಸಿಎಸ್‌ವಿ ಫೈಲ್ (ಪಟ್ಟಿ ಇಡುವ ಸರಳ ಫೈಲ್) ಆಗಿ ಇಳಿಸಿಕೊಳ್ಳಿ. ಹೊಸ ಅಕೌಂಟ್‌ನ ಸೆಟ್ಟಿಂಗ್‌ನಲ್ಲಿ ಹಳೇ ವಿಳಾಸವನ್ನು ಅಲಿಯಾಸ್ ಆಗಿ, ಅಂದರೆ ಅದೂ ನಿಮ್ಮದೇ ಅಂತ, ಸೇರಿಸಿ. ಅದಾದ ಮೇಲೆ ಹಳೇ ಅಕೌಂಟ್‌ಗೆ ಬಂದು, ಹೊಸ ವಿಳಾಸ ಮತ್ತು ಪಾಸ್‌ವರ್ಡ್ ಕೊಟ್ಟು 'ಮೂವ್' ಮಾಡಿ. ಕೊನೆಗೆ ಸಿಎಸ್‌ವಿಯನ್ನು ಹೊಸ ಅಕೌಂಟ್‌ಗೆ ಏರಿಸಿ. ನಿಮ್ಮನ್ನು ಫಾಲೋ ಮಾಡುವವರು ತಾವಾಗೇ ಹೊಸ ಅಕೌಂಟ್‌ಗೆ ಬರುತ್ತಾರೆ, ಅವರ ಆ್ಯಪ್‌ಗೂ 'ಮೂವ್' ಅರ್ಥವಾದರೆ. ಹಳೇ ಪೋಸ್ಟ್‌ಗಳು ಮಾತ್ರ ಅಲ್ಲೇ ಉಳಿಯುತ್ತವೆ. ಇಷ್ಟು ವರ್ಷವಾದರೂ ಇದೊಂದು ಸರಿಹೋಗಿಲ್ಲ ಅನ್ನುವುದು ನನ್ನ ತಕರಾರು.

ಒಮ್ಮೆ ಮೂವ್ ಆದರೆ ಮತ್ತೆ ಬದಲಾಯಿಸಲು 30 ದಿನ ಕಾಯಬೇಕು. ಹಾಗಾಗಿ ಹೊಸ ಸರ್ವರ್ ಯಾವ್ಯಾವ ಸರ್ವರ್‌ಗಳನ್ನು ಬ್ಲಾಕ್ ಮಾಡಿದೆ ಅಂತ ಮೊದಲೇ ನೋಡಿಕೊಳ್ಳಿ. ಎಷ್ಟೋ ಸರ್ವರ್‌ಗಳು 'ಅಬೌಟ್' ಪುಟದಲ್ಲೇ ಆ ಪಟ್ಟಿ ಹಾಕಿರುತ್ತವೆ.